ಪಟ್ಟಿಯಲ್ಲಿ ಸಿಕ್ಕ ಇನ್ನೊಂದು ಹೆಸರು

ಅಡಿಗೆಮನೆಯ ನೆಲದ ಮೇಲೆ ಮತದಾರರ ಪಟ್ಟಿಯನ್ನು ಹರಡಿಕೊಂಡು ನಾನು ಹೆಸರುಗಳನ್ನು ಗಟ್ಟಿಯಾಗಿ ಓದುತ್ತಿದ್ದೆ. ಅವ್ವ ಕಡುಬಿಗೆ ಉಂಡೆ ಕಟ್ಟುತ್ತ ಕೇಳಿಸಿಕೊಳ್ಳುತ್ತಿದ್ದಳು. ಕೊಡಗು ತಾನೇ ಒಂದು ರಾಜ್ಯವಾಗಿದ್ದ ಕಾಲ, ಮೊದಲ ಚುನಾವಣೆ. ಕೊಡಗು ಬೇರೆಯಾಗಿಯೇ ಉಳಿಯಬೇಕೆಂದು ಗಾಳಿಬೀಡಿನ ಕಡೆಯಿಂದ ಅಪ್ಪ ನಿಂತಿದ್ದರು. ಮೈಸೂರಿಗೆ ಸೇರಬೇಕೆಂದು ಅವರೆದುರು ನಿಂತವರು ಅವ್ವನ ಒಡಹುಟ್ಟಿದ ಅಣ್ಣ, ನನ್ನ ಮಾವ. ಇದೇ ಸಾಕಷ್ಟು ಗೋಜಲು ಎಂದು ಹದಿನೇಳರ ನಾನು ಭಾವಿಸಿದ್ದೆ.

ಪಕ್ಕದೂರಿನ ಪುಟಕ್ಕೆ ಬಂದಾಗ ಒಂದು ಸಾಲಿನ ಮೇಲೆ ಬೆರಳಿಟ್ಟು ಎರಡು ಸಲ ಓದಿದೆ. ದೇವಕಿ ಎಂಬೊಬ್ಬಳ ಹೆಸರಿನ ಮುಂದೆ, ಗಂಡನ ಹೆಸರಿನ ಜಾಗದಲ್ಲಿ, ನನ್ನ ಅಪ್ಪನ ಹೆಸರು ಮನೆತನದ ಸಮೇತ ಅಚ್ಚಾಗಿತ್ತು.

"ಇಲ್ಲೊಂದು ತಪ್ಪಾಗುಟ್ಟು ಅವ್ವ," ಎಂದೆ, 'ಇದೆ'ಗೆ 'ಉಟ್ಟು' ಎನ್ನುವ ನಮ್ಮ ಮನೆಯ ಅರೆಭಾಷೆಯಲ್ಲಿ.

ಅವ್ವ ಬಗ್ಗಿ ನೋಡಲೂ ಇಲ್ಲ. "ಅದ್ ತಪ್ಪಲ್ಲ. ನಂಗೆ ಗೊತ್ತುಟ್ಟು. ಮುಂದಿಂದ್ ಓದು," ಎಂದಳು.

ನೀವೇ ಹೇಳಿ, ಮುಂದಿನದನ್ನು ಹೇಗೆ ಓದುವುದು? ಇಷ್ಟು ವರ್ಷ ಯಾರೂ ಬಾಯಿಬಿಡದ ಗುಟ್ಟನ್ನು, ಮನೆಮನೆಗೆ ಬಂದ ಸರ್ಕಾರದವನೊಬ್ಬ ಕೇಳಿದಾಗ, ಆ ಹೆಂಗಸು ತಾನಾಗಿ ಹೇಳಿ ಬರೆಸಿದ್ದಳು. ಅದು ಸೇಡೋ, ಅಭಿಮಾನವೋ, ಬರೀ ಪ್ರಾಮಾಣಿಕತೆಯೋ ನನಗೆ ತಿಳಿಯಲಿಲ್ಲ.

ಎರಡು ದಿನದ ಮೇಲೆ, ಅಪ್ಪ ಓಟು ಕೇಳಲು ಹೋಗಿದ್ದ ಹೊತ್ತು ನೋಡಿ ಮಾವ ಬಂದು ಜಗಲಿಯಲ್ಲಿ ಕುಳಿತರು.

"ಆ ಪಟ್ಟಿ ನಮ್ಮವರ ಕೈಗೂ ಸಿಕ್ಕುಟ್ಟು ತಂಗೆ. ಸಂತೇಲಿ ಒಂದ್ ಮಾತ್ ಹೇಳಿರೆ ನಾ ಗೆದ್ದಂಗೆ," ಎಂದರು.

"ಹೇಳಿರೆ ಅವರ ಮರ್ಯಾದೆ ಹೋದು," ಎಂದಳು ಅವ್ವ. "ಅದ್ ಹೋಗ್ಲಿ ಅಣ್ಣ. ಆ ಹೆಣ್ಣು ಎಲ್ಲಿಗೆ ಹೋದು?"

ಮಾವ ಕಾಫಿ ಕುಡಿದು ಎದ್ದರು. ಸಂತೆಯ ದಿನ ಅವರು ಮೈಸೂರಿನ ರಸ್ತೆ, ಶಾಲೆ, ಆಸ್ಪತ್ರೆಗಳ ಬಗ್ಗೆ ಮಾತ್ರ ಮಾತಾಡಿದರು. ಗುಂಪಿನ ಹಿಂದೆ ನಿಂತು ಕೇಳುತ್ತಿದ್ದ ನಾನು, ಎದುರಾಳಿ ಎಂದು ಯಾರನ್ನು ಕರೆಯಬೇಕೆಂದು ತಿಳಿಯದೆ ಮನೆಗೆ ಬಂದೆ. ಅಪ್ಪನಿಗೆ ಬಡಿಸುವಾಗ ಅವರ ಮುಖ ನೋಡಲು ಆಗುತ್ತಿರಲಿಲ್ಲ. ನೋಡದೆ ಇರಲೂ ಆಗುತ್ತಿರಲಿಲ್ಲ.

ಕೊನೆಗೆ ಅಪ್ಪನೇ ಗೆದ್ದರು. ಕೆಲವು ವರ್ಷಗಳಲ್ಲೇ ಕೊಡಗು ಮೈಸೂರಿಗೆ ಸೇರಿ, ಸೋತ ಮಾವನ ಮಾತೂ ಗೆದ್ದಿತು. ಆ ರಾಜಕೀಯವೆಲ್ಲ ನನಗೆ ಹೇಗೋ ಅರ್ಥವಾಯಿತು. ಅರ್ಥವಾಗದೆ ಉಳಿದದ್ದು ಮತದಾನದ ದಿನ ಕಂಡದ್ದು.

ಶಾಲೆಯ ಅಂಗಳದಲ್ಲಿ ಹೆಂಗಸರ ಸಾಲು ಬಿಸಿಲಿಗೆ ನಿಂತಿತ್ತು. ಅವ್ವನ ಹಿಂದೆ ಬಂದು ನಿಂತ ತೆಳ್ಳಗಿನ ಹೆಂಗಸು ದೇವಕಿಯೆಂದು ನನಗೆ ಯಾರೂ ಹೇಳಬೇಕಾಗಲಿಲ್ಲ. ಸುತ್ತಲಿನವರು ಮಾತು ನಿಲ್ಲಿಸಿದ ರೀತಿಯೇ ಹೇಳಿತು. ಅವ್ವ ಒಂದು ಹೆಜ್ಜೆ ಸರಿದು, ಮರದ ನೆರಳಿನಲ್ಲಿ ಅವಳಿಗೂ ಜಾಗ ಮಾಡಿಕೊಟ್ಟಳು. ಇಬ್ಬರೂ ತಲೆ ತಗ್ಗಿಸಿ ಪಿಸುಗುಟ್ಟಿದರು. ಆಮೇಲೆ ಒಬ್ಬರ ಹಿಂದೊಬ್ಬರು ಪರದೆಯ ಒಳಗೆ ಹೋಗಿ ಬಂದರು.

ಮನೆಯ ದಾರಿಯಲ್ಲಿ ನಾನು ತಡೆಯಲಾರದೆ ಕೇಳಿದೆ: "ಎಂತ ಹೇಳಿದ್ ಅವ್ಳು?"

"ಯಾರಿಗೆ ಹಾಕೊದು ಅಕ್ಕ ಅಂತ ಕೇಳಿದ್. ನನ್ನಣ್ಣಂಗೆ ಹಾಕು ಅಂದೆ."

"ಮತ್ತೆ ನೀ?"

"ನಾ ನಿನ್ನಪ್ಪಂಗೆ ಹಾಕ್ದೆ."

"ಎಂತಕೆ ಅವ್ವ?"

ಅವ್ವ ಬೆರಳಿನ ಮಸಿಯನ್ನು ಸೆರಗಿನಿಂದ ಉಜ್ಜಿ ನೋಡಿದಳು. ಅದು ಹೋಗಲಿಲ್ಲ.

"ಅಣ್ಣ ಬಾಯ್ ಬಿಡದೆ ಉಳ್ಸಿದ್ ಅವ್ಳ ಮರ್ಯಾದೆನ. ಅವ್ಳಿಗೂ ಒಂದು ಓಟು ಉಟ್ಟು," ಎಂದಳು. "ನಂಗೂ ಒಂದು." ಮತ್ತೆ ಸರಸರನೆ ಏರು ಹತ್ತತೊಡಗಿದಳು.