ಕುಂತು ಕೆಲಸ ಮಾಡುವವರ ಕೋಟು

ಕಡಲೆ ಕೀಳುವ ಕೆಲಸ ಬಿಸಿಲೇರುವುದರೊಳಗೆ ಮುಗಿಯಬೇಕು. ಗಿಡ ಬಿಸಿಲಿಗೆ ಗರಿಗರಿಯಾಯಿತೆಂದರೆ ಕೀಳುವಾಗಲೇ ಕಾಯಿ ಉದುರಿ ಎರೆಮಣ್ಣಿನ ಬಿರುಕಿಗೆ ಬೀಳುತ್ತವೆ. ಹಾಗಾಗಿ ನರೇಗಲ್ ಸುತ್ತಿನ ಹೊಲಗಳಿಗೆ ನಾವು ಹೆಂಗಸರು ಮಬ್ಬು ಹರಿಯುವ ಮೊದಲೇ ಹೋಗುತ್ತಿದ್ದೆವು. ಆ ಹೊತ್ತಿಗೆ ಗಿಡದ ಮೇಲೆಲ್ಲ ಇಬ್ಬನಿ. ಕಡಲೆಯ ಹುಳಿ ಆ ನೀರಿನಲ್ಲಿ ಕರಗಿ ತೋಳಿಗೆ ಹತ್ತುತ್ತದೆ. ಮೊದಲು ಕೊರೆಯುತ್ತದೆ, ಆಮೇಲೆ ಉರಿಯುತ್ತದೆ. ಸೀರೆಯ ಮೇಲೆ ಗಂಡಸರ ಹಳೆಯ ಅಂಗಿ ತೊಟ್ಟುಕೊಂಡರೂ ಸ್ವಲ್ಪ ಹೊತ್ತಿನಲ್ಲೇ ಅದು ತೊಯ್ದು ಮೈಗೆ ಅಂಟುತ್ತಿತ್ತು.

ಮಗಳು ಹುಟ್ಟಿದ ಮೇಲೆ ನನಗೆ ಅದು ಮೊದಲ ಚಳಿಗಾಲ. ಗಂಡ ಗೋವಾದಲ್ಲಿ ಗೌಂಡಿ ಕೆಲಸಕ್ಕಿದ್ದರು. ಮನೆಯಲ್ಲಿ ನಾನು, ಅತ್ತೆ, ಕೂಸು, ಮೂವರೇ. ಅತ್ತೆ ಕೂಲಿ ಹೆಂಗಸರ ತಂಡಕ್ಕೆ ಮುಂದಾಳು. ಯಾವ ಹೊಲಕ್ಕೆ ಯಾವಾಗ ಹೋಗುವುದು ಎಂದು ಅವರೇ ಗೊತ್ತುಮಾಡುತ್ತಿದ್ದರು. ಈ ಸಲ ನೀನು ಬರಬೇಡ ಅಂದರು. ಸುಗ್ಗಿಯಲ್ಲಿ ಮನೆಯಲ್ಲಿ ಕೂತರೆ ನನಗೆ ಕೈಕಾಲು ಆಡುವುದಿಲ್ಲ. ಹಟ ಹಿಡಿದು ಕೂಸನ್ನೂ ಕಟ್ಟಿಕೊಂಡು ಹೋದೆ. ಬದುವಿನಲ್ಲಿ ನಿಂತ ಚಕ್ಕಡಿ ಗಾಡಿಯ ಕೆಳಗೆ ಬುಟ್ಟಿಯಲ್ಲಿ ಅದನ್ನು ಮಲಗಿಸುತ್ತಿದ್ದೆ.

ಒಂದು ಮುಂಜಾನೆ ಕೂಸು ಎದ್ದು ಅಳತೊಡಗಿತು. ಸಾಲು ಬಿಟ್ಟು ಓಡಿ ಎದೆಗೆ ಹಚ್ಚಿಕೊಂಡೆ. ಅದರ ಕೆನ್ನೆ ನನ್ನ ಮೈಗೆ ತಾಗಿದ್ದೇ ತಡ, ಬೆಚ್ಚಿ ಮುಖ ತಿರುಗಿಸಿ ಇನ್ನೂ ಜೋರಾಗಿ ಅತ್ತಿತು. ಸೆರಗಿನಿಂದ ಎದೆ ಒರೆಸಿಕೊಂಡೆ, ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಂಡೆ. ಏನು ಮಾಡಿದರೂ ಹಾಲು ಹಿಡಿಯಲೊಲ್ಲದು. ನನಗೂ ಅಳು ಬಂತು. ಅತ್ತೆ ಬಂದು ಕೂಸನ್ನು ತಮ್ಮ ಸೆರಗಿನೊಳಗೆ ಹಾಕಿಕೊಂಡು, ನನ್ನ ಬೆನ್ನಿನ ಮೇಲೆ ಕೈಯಿಟ್ಟು ನೋಡಿದರು.

"ಮೈ ಹಾವಿನಂಗ ಥಣ್ಣಗಾಗೇತಿ. ಪಾಪ, ಕೂಸು ಹ್ಯಾಂಗ ಕುಡೀತೈತಿ?" ಎಂದರು. ಬೈಯಲಿಲ್ಲ. ಹಟ ಮಾಡಿದ್ದನ್ನು ಎತ್ತಿ ಆಡಲೂ ಇಲ್ಲ.

ಸಂತೆಯ ದಿನ ನನ್ನನ್ನೂ ಕೂಸನ್ನೂ ಗಜೇಂದ್ರಗಡಕ್ಕೆ ಕರೆದುಕೊಂಡು ಹೊರಟರು. ಒಂದು ಸ್ವೆಟರ್ ತರುವುದೆಂದು ನಾವು ಹೊರಟದ್ದು. ಬಸ್ಸಿನಲ್ಲಿ ನಮ್ಮ ಮುಂದಿನ ಸೀಟಿನಲ್ಲಿ ಗುಡ್ಡದ ಮೇಲಿನ ಗಾಳಿಯಂತ್ರ ಕಾಯುವ ಮನುಷ್ಯನೊಬ್ಬ ಹಸಿರು ಬಣ್ಣದ ದಪ್ಪ ಕೋಟು ಹಾಕಿಕೊಂಡು ಕೂತಿದ್ದ. ಅತ್ತೆ ಹಿಂದಿನಿಂದ ಅವನ ತೋಳಿನ ಬಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದು ನೋಡಿದರು. ನಾನು ನಾಚಿಕೆಯಿಂದ ಕಿಟಕಿಯ ಕಡೆ ತಿರುಗಿದೆ.

"ತಮ್ಮಾ, ಇದರಾಗ ಥಂಡಿ ಹೊಗತೈತೇನು?"

ಅವನು ನಕ್ಕ. "ಗುಡ್ಡದ ಮ್ಯಾಲಿನ ಗಾಳೀನ ಹೊಗಂಗಿಲ್ಲ ಬೇ ಯವ್ವಾ. ಮಿಲಿಟ್ರಿ ಮಾಲ್ ಇದು. ಸಂತ್ಯಾಗ ಒಬ್ಬಾಂವ ಗುಡ್ಡಿ ಹಾಕ್ಕೊಂಡು ಮಾರಾಕ ಕುಂತಿರ್ತಾನ, ಹೋಗ್ರಿ."

ಗುಡ್ಡದ ಬುಡದ ಓಣಿಯಲ್ಲಿ ಆ ವ್ಯಾಪಾರಿ ಸಿಕ್ಕ. ಬೆಳಗಾವಿ ಕಡೆಯವನು. ಸೈನ್ಯದವರು ಬಳಸಿ ಹರಾಜಿಗೆ ಹಾಕಿದ ಬಟ್ಟೆಗಳನ್ನು ತಂದು ಮಾರುವವನು. ತಾಡಪತ್ರಿಯ ಮೇಲೆ ಕೋಟು, ಉಣ್ಣೆಯ ಬನಿಯನ್, ಟೊಪ್ಪಿಗೆ, ಕಾಲುಚೀಲಗಳ ರಾಶಿ. ಸುತ್ತ ನಿಂತವರೆಲ್ಲ ಗಂಡಸರು. ಅತ್ತೆ ಅವರ ನಡುವೆ ದಾರಿ ಮಾಡಿಕೊಂಡು ಹೋಗಿ ಒಂದು ಕೋಟು ಎತ್ತಿ, ಸೀರೆಯ ಮೇಲೇ ತೊಟ್ಟುಕೊಂಡು, ಅಲ್ಲೇ ನೆಲದ ಮೇಲೆ ತುದಿಗಾಲಿನಲ್ಲಿ ಕೂತರು. ಬಲಗೈ ಚಾಚಿ ಇಲ್ಲದ ಗಿಡವನ್ನು ಕಿತ್ತರು, ಎಡಗಡೆ ಇಟ್ಟರು. ಮತ್ತೆ ಕಿತ್ತರು. ಕೂತಲ್ಲೇ ಮುಂದೆ ಸರಿದರು. ಜನ ನಗತೊಡಗಿದರು.

"ಏನ್ ಮಾಡಾಕತ್ತೀ ಬೇ ಯವ್ವಾ?" ವ್ಯಾಪಾರಿ ಗಾಬರಿಯಾಗಿ ಕೇಳಿದ.

"ಕಡ್ಲಿ ಕೀಳಾಕತ್ತೀನಿ. ಇದು ಬ್ಯಾಡ. ಬಗಲಾಗ ಹಿಡೀತೈತಿ. ಇದು ನಿಂತವರ ಕೋಟು. ನಾವು ಕುಂತು ಕೆಲಸಾ ಮಾಡಾವರು. ಬ್ಯಾರೆ ತಗಿ."

ಎರಡನೆಯದು ಮೊಣಕಾಲಿಗೆ ತೊಡರಿತು. ಮೂರನೆಯದರ ತೋಳಿನ ಮೇಲೆ ಬಾಟಲಿಯ ನೀರು ಸುರಿದರು.

"ಅಯ್ಯ, ತೊಯ್ಸಿ ಹಾಳ ಮಾಡ್ತೀಯಲ್ಲ! ಹಿಮದಾಗ ಹಾಕ್ಕೊಳ್ಳೂದದು!"

"ತೊಯ್ದ್ರ ಹಾಳಾಗೂದಿದ್ರ ಹಿಮದಾಗ ಹ್ಯಾಂಗ ಹಾಕ್ಕೊಂತಿದ್ರಪಾ?"

ಅವನಿಗೂ ನಗು ತಡೆಯಲಾಗಲಿಲ್ಲ. ಅಲ್ಲಿಂದ ಮುಂದೆ ಅವನೇ ಒಂದೊಂದಾಗಿ ರಾಶಿಯೊಳಗಿಂದ ಎಳೆದು ಕೊಡತೊಡಗಿದ. ಕೊನೆಗೆ ಒಂದು ಕೋಟು ಅತ್ತೆಯ ಮನಸ್ಸಿಗೆ ಬಂತು. ಬಗಲು ಸಡಿಲ, ಒಳಗೆ ದಪ್ಪ ಅಸ್ತರ, ಮುಂದೆ ಜಿಪ್ಪು, ಅದರ ಮೇಲೆ ಗುಂಡಿ. ನೀರು ಸುರಿದರೆ ಹನಿಹನಿಯಾಗಿ ಜಾರಿತು. ಅದನ್ನು ಬಿಚ್ಚಿ ನನಗೆ ತೊಡಿಸಿದರು.

"ಇನ್ನ ಕೂಸಿಗೆ ಹಾಲು ಕುಡಿಸಿ ನೋಡು."

"ಇಲ್ಲೇನ್ರಿ ಅತ್ತಿ? ಸಂತ್ಯಾಗ?"

"ಹೊಲದಾಗ ಹೋಗಿ ಆಗಂಗಿಲ್ಲಂದ್ರ ಯಾರನ್ನ ಕೇಳೂನು?"

ನಾನು ತಲೆ ತಗ್ಗಿಸಿ ನಿಂತೆ. ಆಗ ಆ ವ್ಯಾಪಾರಿ ಒಂದು ದೊಡ್ಡ ಕಂಬಳಿ ತೆಗೆದು ಅದರ ಒಂದು ತುದಿಯನ್ನು ಅತ್ತೆಯ ಕೈಗೆ ಕೊಟ್ಟ. ಇನ್ನೊಂದು ತುದಿಯನ್ನು ತಾನು ಎತ್ತಿ ಹಿಡಿದು, ಮುಖವನ್ನು ಓಣಿಯ ಕಡೆ ತಿರುಗಿಸಿಕೊಂಡು ನಿಂತ. ಅದರ ಮರೆಯಲ್ಲಿ, ಬಟ್ಟೆಯ ಗಂಟಿನ ಮೇಲೆ ಕೂತು, ಕೋಟಿನೊಳಗೆ ಕೂಸನ್ನು ಸೇರಿಸಿಕೊಂಡೆ. ಅಸ್ತರದ ಬಿಸುಪಿನಲ್ಲಿ ಅದು ಹೊಟ್ಟೆ ತುಂಬ ಕುಡಿದು ಹಾಗೆಯೇ ನಿದ್ದೆ ಹೋಯಿತು. ಅಷ್ಟು ಹೊತ್ತೂ ಅವನು ಕೈ ಇಳಿಸಲಿಲ್ಲ. ಬಂದ ಗಿರಾಕಿಗಳಿಗೆ, "ತಡ್ರಿ, ಮಾಲ್ ತೋರ್ಸಾಕತ್ತೀನಿ" ಎನ್ನುತ್ತಿದ್ದ. ಆ ಕಂಬಳಿ ಹಿಡಿದ ಅವನ ಕೈ ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ.

"ಇದು ಇರ್ಲಿ" ಎಂದರು ಅತ್ತೆ. ಚೌಕಾಸಿಯಾಯಿತು, ರೊಕ್ಕ ಕೊಟ್ಟರು. ಇನ್ನು ಹೊರಡುವುದು ಎಂದುಕೊಂಡೆ. ಅಷ್ಟರಲ್ಲಿ ಅವರ ಕಣ್ಣು ಉಣ್ಣೆಯ ಉದ್ದ ಕಾಲುಚೀಲಗಳ ಮೇಲೆ ಬಿತ್ತು.

"ಅವು ಜೋಡಿ ಇಲ್ಲ ಬೇ. ಒಂಟಿ ಅದಾವ."

"ನಮಗ ಜೋಡಿ ಯಾಕ ಬೇಕು?" ಎಂದು ಒಂದನ್ನು ಕೈಗೆ ಏರಿಸಿಕೊಂಡು ಮೊಣಕೈವರೆಗೆ ಎಳೆದರು. "ತುದಿ ಕತ್ತರಿಸಿದ್ರ ಬೆರಳು ಹೊರಗ, ತೋಳು ಒಳಗ. ನಮ್ಮ ಮಂದಿಗೆಲ್ಲಾ ಬೇಕು, ಅಷ್ಟೂ ಕೊಡು."

ವ್ಯಾಪಾರಿ ಅಷ್ಟನ್ನೂ ಚೀಲಕ್ಕೆ ತುಂಬಿ ಕೊಟ್ಟ. ಅತ್ತೆ ಬೇಡಬೇಡವೆಂದರೂ ಕೂಸಿಗೆಂದು ಒಂದು ಟೊಪ್ಪಿಗೆಯನ್ನೂ ಅದರೊಳಗೆ ತುರುಕಿದ.

ಆ ರಾತ್ರಿ ಅತ್ತೆ ಕೋಟನ್ನು ತಮ್ಮ ಹಾಸಿಗೆಯೊಳಗೆ ಇಟ್ಟುಕೊಂಡು ಮಲಗಿದರು. ಕೇಳಿದ್ದಕ್ಕೆ, "ಥಣ್ಣಂದು ಹ್ಯಾಂಗ ಹಾಕ್ಕೊಂತಿ?" ಎಂದರು. ಸುಗ್ಗಿ ಮುಗಿಯುವ ತನಕ ದಿನವೂ ನಾನು ತೊಟ್ಟದ್ದು ಅವರ ಮೈಯ ಕಾವಿನ ಕೋಟು. ನನ್ನ ತಾಯಿಗೂ ಹೀಗೆ ಮಾಡಲು ಹೊಳೆಯುತ್ತಿತ್ತೋ ಇಲ್ಲವೋ ನಾನು ಹೇಳಲಾರೆ.

ಹೊಲದಲ್ಲಿ ಮೊದಲ ದಿನ, "ಮಿಲಿಟ್ರಿಯಾಕಿ ಬಂದ್ಲು, ಸಲಾಮ್ ಹೊಡೀರಿ" ಎಂದು ಎಲ್ಲರೂ ನನ್ನನ್ನು ನೋಡಿ ನಗೆಯಾಡಿದರು. ಆದರೆ ಕೈಗೆ ಕಾಲುಚೀಲ ಏರಿಸಿಕೊಂಡು ಒಂದು ಸಾಲು ಮುಗಿಸುವುದರೊಳಗೆ ನಗು ಹೋಗಿ ಮಾತು ಬೇರೆಯಾಯಿತು. ತೋಳು ಉರಿಯುತ್ತಿರಲಿಲ್ಲ. ಮುಂದಿನ ಸಂತೆಗೆ ಒಬ್ಬೊಬ್ಬರಾಗಿ ಹೋಗಿ ಕೋಟು ತಂದರು. ಅತ್ತೆಯೂ ಆಗ ತಮಗೊಂದು ತಂದುಕೊಂಡರು.

ಒಂದು ಮುಂಜಾನೆ ಮಂಜು ದಟ್ಟವಾಗಿ ಬಿದ್ದಿತ್ತು. ಹೊಲದ ಮಾಲೀಕರು ಬೈಕಿನಲ್ಲಿ ಬಂದವರು ದೂರದಲ್ಲೇ ಗಾಡಿ ನಿಲ್ಲಿಸಿಬಿಟ್ಟರು. ಹಸಿರು ಕೋಟುಗಳು ಸಾಲಾಗಿ ತಗ್ಗಿಕೊಂಡು ತಮ್ಮ ಕಡೆಗೇ ಸರಿದು ಬರುತ್ತಿರುವುದು ಅವರಿಗೆ ಕಂಡಿರಬೇಕು.

"ಯಾರ್ರೀ ಅವರು, ನಮ್ಮ ಹೊಲದಾಗ?" ಎಂದು ಕೂಗಿದರು.

ಅತ್ತೆ ಎದ್ದು ನಿಂತು ಕೋಟಿನ ಟೊಪ್ಪಿಗೆ ಹಿಂದಕ್ಕೆ ಸರಿಸಿದರು. "ನಾವ ರೀ ಸಾವ್ಕಾರ್ರ, ಕಡ್ಲಿ ಕೀಳಾವರು. ಅಂಜಬ್ಯಾಡ್ರಿ, ಬರ್ರಿ."

ಸಾಲಿಗೆ ಸಾಲೇ ನಕ್ಕಿತು. ಅವರೂ ನಗುತ್ತ ಹತ್ತಿರ ಬಂದು ಕೋಟುಗಳನ್ನು ಮುಟ್ಟಿ ನೋಡಿ, ಚಲೋ ಮಾಡೀರಿ ಎಂದರು. ಆ ದಿನ ಅವರ ಮನೆಯಿಂದ ಹೊಲಕ್ಕೆ ಚಹಾ ಬಂತು. ಅತ್ತೆ ಎಲ್ಲರಿಗೂ ಹಂಚಿ, ಚಹಾ ತಂದವರನ್ನು ತಡೆದು, "ಬಾಣಂತಿ ಅದಾಳ್ರಿ, ಇನ್ನೊಂದು ಕಪ್ ಹಾಕ್ರಿ" ಎಂದು ನನ್ನ ಕಡೆ ಕೈ ತೋರಿಸಿದರು.