ಕಿವಿಯಲ್ಲಿ ಹುಟ್ಟದ ಪದ

ದೇಶದ ರಾಜಧಾನಿಯ ಮುಖರ್ಜಿ ನಗರದ ನಮ್ಮ ಬಾಡಿಗೆ ಕೋಣೆಯ ಕಿಟಕಿಯ ಕೆಳಗೇ ಕೋಚಿಂಗ್ ಸೆಂಟರೊಂದರ ಡೀಸೆಲ್ ಜನರೇಟರ್ ಇದೆ. ಬೇಸಿಗೆಯ ಮಧ್ಯಾಹ್ನ ಕರೆಂಟ್ ಹೋದೊಡನೆ ಅದು ಅಬ್ಬರಿಸುತ್ತದೆ. ಗೋಡೆ, ಮಂಚ, ಹಲ್ಲು ಎಲ್ಲವೂ ಅದುರುತ್ತವೆ. ಸ್ವಲ್ಪ ಹೊತ್ತಿಗೆ ನನ್ನ ಅಕ್ಕ ಪುಸ್ತಕ ಮುಚ್ಚಿ ಬಚ್ಚಲಿಗೆ ಓಡುತ್ತಾಳೆ, ವಾಂತಿ ಮಾಡುತ್ತಾಳೆ. ಈ ವರ್ಷದ ನಾಗರಿಕ ಸೇವಾ ಪರೀಕ್ಷೆ ಅವಳಿಗೆ ಕೊನೆಯ ಅವಕಾಶ.

ಸೆಂಟರಿನ ಮ್ಯಾನೇಜರ್ ಬಳಿ ಹೋದೆ. "ನಾಯ್ಸ್ ಇಷ್ಟವಿಲ್ಲದಿದ್ದರೆ ಕಿವಿಗೆ ಹತ್ತಿ ಇಟ್ಟುಕೊಳ್ಳಿ ಮೇಡಂ" ಎಂದು ನಕ್ಕರು.

ಇಷ್ಟ! ನಾಯ್ಸ್ ಎಂದರೆ ಬೇಡದ ಸದ್ದು ಎಂದು ಶಾಲೆಯಲ್ಲಿ ನಾವೂ ಉರು ಹೊಡೆದಿದ್ದೆವು, ಅದೇನೋ ಅಭಿರುಚಿಯ ವಿಷಯವೆಂಬಂತೆ. ವಿಶ್ವವಿದ್ಯಾಲಯದಲ್ಲಿ ಭಾಷಾವಿಜ್ಞಾನ ಓದುವಾಗ ಆ ಪದದ ಹಿಂದಿನ ದಾರಿ ತಿಳಿಯಿತು. ಹಳೆಯ ಫ್ರೆಂಚಿನಲ್ಲಿ ಅದಕ್ಕೆ ಜಗಳ, ಗದ್ದಲ ಎಂಬ ಅರ್ಥ. ಅದಕ್ಕೂ ಹಿಂದೆ, ಹೆಚ್ಚಿನ ನಿಘಂಟುಕಾರರ ಪ್ರಕಾರ, ಲ್ಯಾಟಿನ್ನಿನ 'ನಾಸಿಯಾ': ಹಡಗಿನಲ್ಲಿ ಹೊಯ್ದಾಡುವವರ ವಾಕರಿಕೆ. ಕಿವಿಯಲ್ಲಲ್ಲ, ಹೊಟ್ಟೆಯಲ್ಲಿ ಹುಟ್ಟಿದ ಪದ. ಇದನ್ನು ಅರಿಯಲು ಅಕ್ಕನಿಗೆ ನಿಘಂಟು ಬೇಕಿರಲಿಲ್ಲ.

ದೂರು ಕೊಟ್ಟೆ. ಮಾಲಿನ್ಯ ನಿಯಂತ್ರಣ ಕಚೇರಿಯವರ ತಪಾಸಣೆಗೂ ಇಲ್ಲೊಂದು ಪದ್ಧತಿಯಿದೆ. ಅಧಿಕಾರಿ ಕರೆಂಟ್ ಇರುವಾಗಲೇ ಬರುತ್ತಾರೆ, ಸುಮ್ಮನೆ ನಿಂತ ಯಂತ್ರವನ್ನು ನೋಡುತ್ತಾರೆ, 'ಸದ್ದು ಕಂಡುಬಂದಿಲ್ಲ' ಎಂದು ದೂರು ಮುಗಿಸುತ್ತಾರೆ. ನಾನು ಮತ್ತೆ ದೂರು ಕೊಟ್ಟೆ. ಅವರು ಮತ್ತೆ ಹಾಗೆಯೇ ಬಂದರು.

ಈ ಸಲ ಅಕ್ಕ ಅವರನ್ನು ಕೋಣೆಗೆ ಕರೆದು ಕಾಫಿಗೆ ನೀರಿಟ್ಟಳು. "ಮನೆಗೆ ಬಂದವರು ಕಾಫಿ ಕುಡಿಯದೆ ಹೋದರೆ ನಮ್ಮ ಊರಲ್ಲಿ ಬೈತಾರೆ ಸರ್" ಎಂದು ಹಿಂದಿಯಲ್ಲಿ ಹೇಳಿ, ನನ್ನತ್ತ ತಿರುಗಿ ಕನ್ನಡದಲ್ಲಿ ಪಿಸುಗುಟ್ಟಿದಳು: "ಡಿಕಾಕ್ಷನ್ ಇಳಿಯೋದು ನಿಧಾನ ಮಾರಾಯ್ತಿ. ಕರೆಂಟ್ ಹೋಗೋವರೆಗೆ ಮಾತಾಡಿಸ್ತಾ ಇರು."

"ಆಮೇಲೆ ನಿನ್ನ ಗತಿ?"

"ವಾಂತಿ ಹೊಸತಾ ನಂಗೆ?"

ಅಧಿಕಾರಿ ಕಾಫಿಯನ್ನು ಹೊಗಳುತ್ತಿದ್ದಾಗ ಫ್ಯಾನ್ ನಿಂತಿತು. ಕೆಳಗೆ ಜನರೇಟರ್ ಗರ್ಜಿಸಿತು. ಅವರ ಕೈಯ ಲೋಟದಲ್ಲಿ ಕಾಫಿ ನಡುಗಿತು. ಹಣೆ ಒತ್ತಿಕೊಂಡು ಕೂಗಿದರು: "ಅರೇ, ಖಿಡ್ಕಿ ಬಂದ್ ಕರೋ!"

ಕಿಟಕಿ ಮುಚ್ಚಿಯೇ ಇತ್ತು. ಹಾಗೆಂದು ನಾನೂ ಕೂಗಿಯೇ ಹೇಳಬೇಕಾಯಿತು.

ಅಕ್ಕ ಬಚ್ಚಲಿಗೆ ಓಡಿದಳು. ಅಧಿಕಾರಿ ಲೋಟವಿಟ್ಟು ಎದ್ದರು. ನಾನು ಬಾಗಿಲಿಗೆ ಅಡ್ಡ ನಿಂತೆ. "ಕಂಡುಬಂತು ಎಂದು ಬರೆಯಿರಿ. ಯಾವತ್ತು ನಿಲ್ಲಿಸುತ್ತೀರಿ, ಅದನ್ನೂ ಬರೆಯಿರಿ."

"ಅಚ್ಛಾ, ದೇಖತೇ ಹೈಂ" ಎಂದರು, ನೋಡೋಣವಂತೆ.

ನಾನು ಬಾಗಿಲು ಬಿಟ್ಟು ಸರಿಯಲಿಲ್ಲ. ಅವರು ಜೇಬಿನಿಂದ ಪೆನ್ನು ತೆಗೆದರು.