ಅಳತೆ ಚಿಪ್ಪು

ಹೋದ ವಾರ ಅರಸೀಕೆರೆಯಲ್ಲಿ ಹೊಸ ಹುಡುಗಿಯರಿಗೆ ಒಲೆ ಕಟ್ಟುವ ತರಬೇತಿ ಇತ್ತು. ಚೀಲದಿಂದ ಕರಣೆ, ರಸಮಟ್ಟ, ತೂಗುಗುಂಡು ಒಂದೊಂದಾಗಿ ತೆಗೆದು ಚಾಪೆಯ ಮೇಲೆ ಇಡುತ್ತಿದ್ದೆ. ಕೊನೆಗೆ ತಳದಲ್ಲಿ ಬಿದಿರುಕಡ್ಡಿ ಸಿಕ್ಕಿಸಿದ ಒಂದು ತೆಂಗಿನ ಚಿಪ್ಪು ಕೈಗೆ ಸಿಕ್ಕಿತು. ಎಷ್ಟೋ ವರ್ಷದಿಂದ ಅಲ್ಲೇ ಇತ್ತು, ನಾನೇ ಮರೆತಿದ್ದೆ. ಒಬ್ಬಳು ಹುಡುಗಿ, "ಮೇಡಂ, ಇದು ಸಾರು ಬಡಿಸೋ ಸೌಟಾ?" ಎಂದು ಕೇಳಿದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಚಿಪ್ಪನ್ನು ಮೂಗಿನ ಹತ್ತಿರ ಹಿಡಿದಾಗ ಹಳೆಯ ಮಸಿಯ ವಾಸನೆ, ಅದರ ಹಿಂದೆಯೇ ಒಣಗಿದ ಕೆಮ್ಮಣ್ಣು ಸಗಣಿಯ ವಾಸನೆ ಬಂತು. ಅದನ್ನು ಮಾತ್ರ ಚಾಪೆಯ ಮೇಲೆ ಇಡದೆ ಮಡಿಲಲ್ಲಿ ಇಟ್ಟುಕೊಂಡೆ.

ನನ್ನನ್ನು ಮೇಡಂ ಅಂತಾರೆ! ಅಕ್ಕ ಕೇಳಿಸಿಕೊಂಡಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

ನಾನು ಮದುವೆಯಾಗಿ ಹಗರೆಗೆ ಬಂದಾಗ ಅಕ್ಕ ನಮ್ಮ ಪಕ್ಕದ ಮನೆಯವಳು. ಎರಡು ಮನೆಗೂ ನಡುವೆ ಒಂದೇ ಗೋಡೆ, ಆ ಗೋಡೆಯ ಆಚೆ ಅವಳ ಅಡುಗೆಮನೆ, ಈಚೆ ನಮ್ಮದು. ಅವಳ ಮುಖ ಸರಿಯಾಗಿ ನೋಡುವ ಮೊದಲೇ ನನಗೆ ಅವಳ ಕೆಮ್ಮಿನ ಪರಿಚಯವಾಗಿತ್ತು. ಬೆಳಗ್ಗೆ ಒಲೆ ಹೊತ್ತಿಸಿದ ಕೂಡಲೇ ಶುರುವಾಗುತ್ತಿತ್ತು. ಹಸಿ ಸೌದೆಯಾದರೆ ಜೋರು, ತೆಂಗಿನ ಮಟ್ಟೆಯಾದರೆ ಸ್ವಲ್ಪ ಕಡಿಮೆ. ಅವಳು ಏನು ಉರಿಸುತ್ತಿದ್ದಾಳೆ ಎನ್ನುವುದನ್ನು ನಾನು ಈಚೆ ಕೂತು ಹೇಳಬಲ್ಲವಳಾಗಿದ್ದೆ. ಹೇಳಿ ಅವಳನ್ನು ರೇಗಿಸುತ್ತಲೂ ಇದ್ದೆ.

ಆ ಕಾಲದಲ್ಲಿ ಬೇಲೂರಿಗೆ ಒಂದು ಸಂಸ್ಥೆಯವರು ಬಂದರು. ಕಡಿಮೆ ಸೌದೆ ಸಾಕಾಗುವ, ಮನೆಯೊಳಗೆ ಹೊಗೆ ತುಂಬದ ಒಲೆ ಕಟ್ಟುವುದನ್ನು ಹೆಂಗಸರಿಗೆ ಕಲಿಸುತ್ತೇವೆ, ಕಲಿತವರಿಗೆ ಸುತ್ತಲ ಊರುಗಳಲ್ಲೇ ವರ್ಷಪೂರ್ತಿ ಸಂಬಳದ ಕೆಲಸ ಕೊಡುತ್ತೇವೆ ಎಂದರು. ಊರಿನ ಗಂಡಸರಿಗೆ ಇದು ಒಳ್ಳೆ ತಮಾಷೆಯಾಯಿತು. ಒಲೆ ಮೆತ್ತುವುದನ್ನು ಹೆಂಗಸರಿಗೆ ಯಾರಾದರೂ ಕಲಿಸಬೇಕೇ ಎಂದು ಡೇರಿಯ ಮುಂದೆ ನಿಂತು ನಗುತ್ತಿದ್ದರು. ಅಕ್ಕ ಮಾತ್ರ ನಗಲಿಲ್ಲ. ತನ್ನ ಹೆಸರು ಕೊಟ್ಟು, ನನ್ನನ್ನು ಕೇಳದೆಯೇ ನನ್ನ ಹೆಸರನ್ನೂ ಬರೆಸಿ ಬಂದಿದ್ದಳು.

"ಮನೇಲಿ ಪುಕ್ಕಟೆ ಮಾಡೋ ಕೆಲ್ಸಕ್ಕೆ ಹೊರಗೆ ಬೆಲೆ ಐತೆ ಅಂದ್ರೆ ಬಿಡಕ್ಕಾಯ್ತದೇನೇ?" ಎಂದಳು.

ಹಾಗೆ ನಾವು ಮೇಸ್ತ್ರಿಗಳಾದೆವು. ಬೆಳಗ್ಗೆ ಡೇರಿಗೆ ಹಾಲು ಹಾಕಿ, ಚೀಲ ಹೆಗಲಿಗೆ ಹಾಕಿಕೊಂಡು ಬಸ್ಸಿಗೆ ನಿಲ್ಲುತ್ತಿದ್ದೆವು. ಇವತ್ತು ಹಳೇಬೀಡಿನ ಕಡೆ, ನಾಳೆ ಗೆಂಡೆಹಳ್ಳಿಯ ಕಡೆ. ಇಟ್ಟಿಗೆ, ಮಣ್ಣು, ಭತ್ತದ ಹೊಟ್ಟು ಮನೆಯವರು ತಂದಿಟ್ಟಿರುತ್ತಿದ್ದರು. ಎರಡು ಪಾತ್ರೆ ಕೂರುವ ಒಲೆ. ಮೊದಲ ಗುಂಡಿಯಿಂದ ಎರಡನೆಯದಕ್ಕೆ ಬೆಂಕಿ ಹರಿಯಲು ಒಳಗೊಂದು ಕಂಡಿ, ಅಲ್ಲಿಂದ ಹೊಗೆ ಮಾಡಿನ ಆಚೆ ಹೋಗಲು ಕೊಳವೆ. ಮೊದಮೊದಲು ಕೆಲವು ಮನೆಗಳಲ್ಲಿ ನಮಗೆ ಹಿತ್ತಿಲ ಮೆಟ್ಟಿಲ ಮೇಲೆ ಕಾಫಿ ತಂದಿಟ್ಟು ಹೋಗುತ್ತಿದ್ದರು. ಅಕ್ಕ ಲೋಟ ಮುಟ್ಟದೆ, ನಗುನಗುತ್ತಲೇ, ಮನೆ ಕಟ್ಟಿದ ಮೇಸ್ತ್ರಿಗೆ ಎಲ್ಲಿ ಕೂರಿಸಿ ಕೊಟ್ಟಿರೋ ನಮಗೂ ಅಲ್ಲೇ ಕೊಡಿ ಎನ್ನುತ್ತಿದ್ದಳು. ಕೊಡುತ್ತಿದ್ದರು. ಜಗಳವಾಡದೆ ಕೇಳುವುದು ಹೇಗೆಂದು ನಾನು ಅವಳಿಂದಲೇ ಕಲಿತದ್ದು.

ಆ ಕಾಫಿಗೂ ಅವಳದೊಂದು ಕಟ್ಟಳೆ ಇತ್ತು. ಹೊಸ ಒಲೆಯಲ್ಲಿ ಮನೆಯಾಕೆ ಹಾಲು ಉಕ್ಕಿಸಲು ಬೆಂಕಿ ಹೊತ್ತಿಸಿದ ಕೂಡಲೇ ಅಕ್ಕ ಅಂಗಳಕ್ಕೆ ಬಂದುಬಿಡುತ್ತಿದ್ದಳು. ಹಣೆಗೆ ಕೈ ಅಡ್ಡ ಹಿಡಿದು ಮಾಡಿನ ಮೇಲಿನ ಕೊಳವೆಯನ್ನೇ ನೋಡುತ್ತ ನಿಲ್ಲುವಳು. ಮೊದಲು ಕಪ್ಪನೆಯ ಹೊಗೆ, ಆಮೇಲೆ ಬೂದಿ ಬಣ್ಣ, ಆಮೇಲೆ ಇದೆಯೋ ಇಲ್ಲವೋ ಎನ್ನುವಷ್ಟು ತೆಳು. ಅಲ್ಲಿಯವರೆಗೆ ಯಾರು ಮಾತಾಡಿಸಿದರೂ ಉತ್ತರವಿಲ್ಲ. ತೆಳುವಾದ ಮೇಲೆ ಒಳಗೆ ತಿರುಗಿ, "ಈಗ ಕಾಫಿ ಕೊಡ್ರೇ" ಎನ್ನುವಳು. ಸುತ್ತಲ ಊರವರು ಅವಳನ್ನು ಒಲೆ ಅಕ್ಕ ಎಂದು ಕರೆಯತೊಡಗಿದ್ದು ಆಗಲೇ...

ಆದರೆ ಅವಳ ಮನೆಯಲ್ಲಿ ಹಳೆಯ ಒಲೆಯೇ ಇತ್ತು. ಅವಳ ಅತ್ತೆ, ನಾವೆಲ್ಲ ಅಜ್ಜಿ ಎನ್ನುತ್ತಿದ್ದವರು, ಅದನ್ನು ಮುಟ್ಟಗೊಡುತ್ತಿರಲಿಲ್ಲ. ಆ ಒಲೆಯನ್ನು ಅಜ್ಜಿಯ ಅತ್ತೆ ತನ್ನ ಕೈಯಾರೆ ಹೂಡಿದ್ದಂತೆ. ಮನೆಯಲ್ಲಿ ಹಿರಿಜೀವ ಇರುವಾಗ ಒಲೆ ಕದಲಿಸಿದರೆ ಸಂಸಾರವೇ ಕದಲುತ್ತದೆ ಎಂದು ಅಜ್ಜಿಯ ನಂಬಿಕೆ. ಅಜ್ಜಿ ಕೆಟ್ಟವರಲ್ಲ, ಸೊಸೆಯ ಮೇಲೆ ಜೀವವೇ ಇಟ್ಟಿದ್ದರು. ಒಲೆಯ ಮಾತು ಬಂದರೆ ಮಾತ್ರ ಬಾಯಿಗೆ ಬೀಗ. ಹೀಗೆ ಊರವರ ಅಡುಗೆಮನೆಯ ಹೊಗೆ ಬಿಡಿಸಿದವಳು ಸಂಜೆ ಮನೆಗೆ ಬಂದು ಅದೇ ಹೊಗೆಯಲ್ಲಿ ಕೂತು ಮುದ್ದೆ ತೊಳಸುತ್ತಿದ್ದಳು. ಗೋಡೆಯ ಈಚೆ ನನಗೆ ಕೆಮ್ಮು ಕೇಳುತ್ತಿತ್ತು. ವರ್ಷದಿಂದ ವರ್ಷಕ್ಕೆ ಅದು ಉದ್ದವಾಗುತ್ತಿತ್ತು.

ಒಂದು ದಿನ ನನಗೆ ತಡೆಯದೆ, ಅಜ್ಜಿ ಊರಲ್ಲಿಲ್ಲದಾಗ ನಾನೇ ಬಂದು ಅದನ್ನು ಒಡೆದುಹಾಕುತ್ತೇನೆ ಎಂದೆ. ಅಕ್ಕ ನನ್ನನ್ನು ದುರುಗುಟ್ಟಿ ನೋಡಿದಳು.

"ಬ್ಯಾಡ ಕಣೇ. ಆವಮ್ಮ ಬಂದು ಖಾಲಿ ಜಾಗ ನೋಡದ್ರೆ ಅಲ್ಲೇ ಕುಸ್ದೋಯ್ತಾರೆ. ಅವ್ರೇ ಕೆಡವು ಅಂದ ದಿನ ಕೆಡವದು."

ಅಷ್ಟರಲ್ಲಿ ಇನ್ನೊಂದು ಸಂಕಟ ಬಂತು. ನಾವು ಕಟ್ಟಿದ ಒಲೆಗಳು ಒಂದೊಂದಾಗಿ ಹೊಗೆ ಕಾರತೊಡಗಿದವು. ಗೆಂಡೆಹಳ್ಳಿಯ ಹತ್ತಿರದ ಒಂದು ಮನೆಯಲ್ಲಂತೂ ಒಲೆಯನ್ನು ಗುದ್ದಲಿಯಿಂದ ಒಡೆದು ಬೀದಿಗೆ ಹಾಕಿದರು. ಸುದ್ದಿ ಹಬ್ಬಲು ಎಷ್ಟು ಹೊತ್ತು? ಹೊಸ ಒಲೆ ಬೇಕೆಂದವರೆಲ್ಲ ಬೇಡವೆಂದರು. ಕಾರಣ ಗೊತ್ತಾಗುವವರೆಗೆ ಕೆಲಸ ನಿಲ್ಲಲಿ ಎಂದು ಸಂಸ್ಥೆಯವರೂ ಹೇಳಿದರು. ಚೀಲಗಳು ಮೊಳೆಗೆ ನೇತುಬಿದ್ದವು. ಬಸ್ಸಿಗೆ ನಿಲ್ಲುವ ಹೊತ್ತಿಗೆ ನಾವು ಅಂಗಳ ಗುಡಿಸುತ್ತಿದ್ದೆವು. ಡೇರಿಯ ಮುಂದಿನ ನಗು ಮತ್ತೆ ಶುರುವಾಯಿತು. ಅಕ್ಕ ಊಟ ಬಿಟ್ಟವಳಂತಾದಳು.

ಒಂದು ಶುಕ್ರವಾರ ನಾನು ಅವಳ ಮನೆಗೆ ಹೋದಾಗ ಅಜ್ಜಿ ಒಲೆಯ ಮುಂದೆ ಕೂತು ಕುಡುಗೋಲಿನ ತುದಿಯಿಂದ ಒಲೆಯ ಬಾಯಿ ಕೆರೆಯುತ್ತಿದ್ದರು. ಅಕ್ಕ ಗೋಡೆಗೆ ಒರಗಿ ಸುಮ್ಮನೆ ನೋಡುತ್ತಿದ್ದಳು. ಏನಜ್ಜಿ ಇದು ಎಂದು ನಾನು ಮಾತಿಗೆ ಕೇಳಿದೆ. ದಿನಾ ಸಾರಿಸಿ ಸಾರಿಸಿ ಬಾಯಿ ಕಿರಿದಾಗುತ್ತದಲ್ಲ, ಕೆರೆಯದಿದ್ದರೆ ಪಾತ್ರೆ ಕೂರುವುದಿಲ್ಲ ಎಂದರು ಅಜ್ಜಿ. ನೆಲದ ಮೇಲೆ ಒಣ ಮಣ್ಣಿನ ಹಕ್ಕಳೆ ರಾಶಿಯಾಗಿ ಬಿದ್ದಿತ್ತು. ಅಕ್ಕ ನೆಟ್ಟಗೆ ಕೂತಳು. ನನ್ನ ಮುಖ ನೋಡಿದಳು, ಹಕ್ಕಳೆ ನೋಡಿದಳು, ಹಣೆ ಚಚ್ಚಿಕೊಂಡಳು.

ತಪ್ಪು ಅವಳದೇ ಆಗಿತ್ತು. ಕೆಲಸ ಮುಗಿಸಿ ಹೊರಡುವಾಗ ಪ್ರತಿ ಮನೆಯಾಕೆಗೂ, ಒಲೇನ ದೇವರಮನೆ ನೋಡ್ಕೊಂಡಂಗೆ ನೋಡ್ಕಳಿ ಎಂದು ಹೇಳಿ ಬರುತ್ತಿದ್ದಳು. ನಮ್ಮ ಕಡೆ ಹೆಂಗಸರಿಗೆ ಅಷ್ಟು ಹೇಳಿದರೆ ಸಾಕಲ್ಲ! ದಿನವೂ ಕೆಮ್ಮಣ್ಣು ಸಗಣಿ ಕಲಸಿ ಸಾರಿಸಿದರು, ಶುಕ್ರವಾರ ಎರಡು ಕೈ ಜಾಸ್ತಿಯೇ ಸಾರಿಸಿದರು. ಹೊರಗಷ್ಟೇ ಅಲ್ಲ, ಭಕ್ತಿಯಿಂದ ಒಳಗೂ ಕೈ ಹಾಕಿ ಬಳಿದರು. ಹಳೆಯ ಒಲೆಯ ಬಾಯಿ ಕಣ್ಣಿಗೆ ಕಾಣುತ್ತದೆ, ಕೆರೆಯುತ್ತಾರೆ. ನಮ್ಮ ಒಲೆಯ ಕಂಡಿ ಒಳಗೆ ಕತ್ತಲಲ್ಲಿ ಮುಚ್ಚಿಕೊಳ್ಳುತ್ತ ಬಂದಿತ್ತು.

ಮಾರನೆಯ ದಿನವೇ ಅಕ್ಕ ಅಜ್ಜಿಯನ್ನು ಬಸ್ಸು ಹತ್ತಿಸಿದಳು. ನೀನು ಹೇಳಿದರೆ ಯಾರೂ ಕೇಳುವುದಿಲ್ಲ, ಸಾರಿಸುವ ವಿಷಯ ಹಿರಿಯರು ಹೇಳಿದರೆ ಕೇಳುತ್ತಾರೆ ಎಂದು ಅಜ್ಜಿಯೇ ಹೊರಟುನಿಂತರು ಎನ್ನುವುದೂ ನಿಜ. ಗೆಂಡೆಹಳ್ಳಿಯ ಒಂದು ಮನೆಯಲ್ಲಿ ಅಜ್ಜಿ ಸೆರಗು ಸಿಕ್ಕಿಸಿ ಒಲೆಯೊಳಗೆ ಮೊಣಕೈವರೆಗೆ ತೋಳು ಇಳಿಸಿ, ಹಿಡಿ ಹಿಡಿಯಾಗಿ ಒಣ ಮಣ್ಣು ಎಳೆದು ಹಾಕಿದರು. ಮನೆಯಾಕೆಯ ಮುಖ ನೋಡುವಂತಿತ್ತು. ಬೆಂಕಿ ಹಾಕಿದಾಗ ಹೊಗೆ ತಪ್ಪದೆ ಕೊಳವೆಯ ದಾರಿ ಹಿಡಿಯಿತು. ಹೊರಗೆ ಎಷ್ಟಾದರೂ ಸಾರಿಸಿ, ಒಳಗೆ ಬೂದಿ ಬಳಿದು ಒರೆಸಿ ಸಾಕು ಎಂದು ಅಜ್ಜಿ ತೀರ್ಪು ಕೊಟ್ಟರು. ಅಕ್ಕ ಅಲ್ಲೇ ಬಿದ್ದಿದ್ದ ಚಿಪ್ಪೊಂದನ್ನು ಕಂಡಿಯ ಅಳತೆಗೆ ಉಜ್ಜಿ, ಕಡ್ಡಿ ಸಿಕ್ಕಿಸಿ, ಒಲೆಯ ಪಕ್ಕದ ಮೊಳೆಗೆ ತೂಗುಹಾಕಿದಳು. ಚಿಪ್ಪು ಒಳಗೆ ಸರಾಗವಾಗಿ ಹೋದರೆ ಸರಿ, ತಡೆದರೆ ಕೆರೆಯಬೇಕು. ಆಮೇಲೆ ಪ್ರತಿ ಮನೆಗೂ ಒಂದೊಂದು ಅಳತೆ ಚಿಪ್ಪು, ನಮ್ಮ ಚೀಲಗಳಲ್ಲೂ ಒಂದೊಂದು. ತೆಂಗಿನ ಸೀಮೆಯಲ್ಲಿ ಚಿಪ್ಪಿಗೇನು ಬರವೇ?

ಕೆಲಸ ಮತ್ತೆ ಶುರುವಾಯಿತು, ಮೊದಲಿಗಿಂತ ಜೋರಾಗಿ. ಅಜ್ಜಿಯೂ ಬರತೊಡಗಿದರು. ಹೊಸ ಒಲೆ ಹೊತ್ತಿಸುವ ದಿನ ಸಾರಿಸುವ ಪಾಠ ಅಜ್ಜಿಯದು. ಎಲೆಅಡಿಕೆ ಹಾಕಿಕೊಂಡು, ಬಸ್ಸಿನ ಕಿಟಕಿಯ ಪಕ್ಕದ ಸೀಟೇ ಬೇಕೆಂದು ಹಟ ಹಿಡಿಯುತ್ತಿದ್ದರು. ಆ ತಿಂಗಳುಗಳು ನನ್ನ ಬದುಕಿನ ಒಳ್ಳೆಯ ತಿಂಗಳುಗಳು ಎಂದು ಈಗ ಅನಿಸುತ್ತದೆ. ಆಗ ಅದು ಗೊತ್ತಿರಲಿಲ್ಲ...

ಒಂದು ಸಂಜೆ ಬೇಲೂರಿನಿಂದ ಮರಳುತ್ತಿದ್ದೆವು. ಬಸ್ಸು ಹತ್ತಿದ ಕೂಡಲೇ ಅಕ್ಕನಿಗೆ ಕೆಮ್ಮು ಬಂದು, ಸೀಟಿನ ಕಂಬಿ ಹಿಡಿದುಕೊಂಡು ಬಗ್ಗಿಬಿಟ್ಟಳು. ಅಜ್ಜಿ ಅವಳ ಬೆನ್ನು ಸವರುತ್ತ ಬಹಳ ಹೊತ್ತು ಕಿಟಕಿಯ ಆಚೆ ನೋಡುತ್ತಿದ್ದರು. ಊರು ಹತ್ತಿರ ಬಂದಾಗ ಹೇಳಿದರು.

"ಊರೋರ ಮನೇಲೆಲ್ಲ ಉಸ್ರು ಬಿಡಂಗಾಯ್ತು. ನಮ್ಮನೇಲಿ ನೀನೊಬ್ಳು ಕೆಮ್ತಾ ಕುಂತಿದ್ದೀಯ. ನಾಳೆ ಕೆಡವವ್ವ."

ಅಕ್ಕ ಅತ್ತೆಯ ಭುಜಕ್ಕೆ ತಲೆಯಾನಿಸಿ ಕಣ್ಣು ಮುಚ್ಚಿಕೊಂಡಳು.

ಮಾರನೆಯ ದಿನ ಅಜ್ಜಿ ಹಳೆಯ ಒಲೆಗೆ ಅರಿಶಿನ ಕುಂಕುಮವಿಟ್ಟು, ಹಾಲೆರೆದು, ಮೊದಲ ಪೆಟ್ಟು ತಾವೇ ಹಾಕಿದರು. ಅದಕ್ಕೂ ಮೊದಲು ಅದರ ಕೆಂಡವನ್ನು ಒಂದು ಮಡಕೆಗೆ ತೆಗೆದು ಬೂದಿ ಮುಚ್ಚಿ ಕಾಪಾಡಿಟ್ಟರು, ಹೊಸ ಒಲೆಗೆ ಅದೇ ಬೆಂಕಿ ಬೇಕೆಂದು. ಅಕ್ಕನಿಗೆ ಇಟ್ಟಿಗೆ ಎತ್ತುವ ತ್ರಾಣ ಇರಲಿಲ್ಲ. ಒಲೆ ಕಟ್ಟಿದ್ದು ನಾನು. ಅವಳೇ ಕಲಿಸಿದ ಕೆಲಸ ಅವಳ ಮುಂದೆಯೇ ಮಾಡುವುದು ಸುಲಭವಲ್ಲ. ಆ ಕೆಂಡದಿಂದ ಬೆಂಕಿ ಹತ್ತಿದಾಗ ಅವಳು ಗೋಡೆ ಹಿಡಿದುಕೊಂಡು ಅಂಗಳಕ್ಕೆ ಹೋಗಿ, ಹಣೆಗೆ ಕೈ ಅಡ್ಡ ಹಿಡಿದು ನಿಂತಳು. ನಾವೆಲ್ಲ ಒಳಗೆ ಕಾದೆವು. ಬಹಳ ಹೊತ್ತಿನ ಮೇಲೆ ಹೊರಗಿನಿಂದ ಅವಳ ದನಿ ಬಂತು, "ಈಗ ಕಾಫಿ ಕೊಡ್ರೇ."

ಅವಳ ಮನೆಯ ಒಲೆಯ ಕಾಫಿ ಕುಡಿಯುವ ಭಾಗ್ಯ ಅವಳಿಗೆ ಬಹಳ ಕಾಲ ಇರಲಿಲ್ಲ. ಹಾಸನದ ಆಸ್ಪತ್ರೆಗೆ ನಾನೂ ಜೊತೆಗೆ ಹೋಗಿದ್ದೆ. ಡಾಕ್ಟರು ಎದೆಯ ಚಿತ್ರ ಬೆಳಕಿಗೆ ಹಿಡಿದು, ಎಷ್ಟೋ ವರ್ಷದ ಹೊಗೆ, ಉಸಿರಿನ ದಾರಿ ಕಿರಿದಾಗಿದೆ, ಇನ್ನು ಹಿಂದಕ್ಕೆ ಬರುವುದಿಲ್ಲ ಎಂದರು. ಹೊರಗೆ ಬೇವಿನ ಮರದ ಕೆಳಗೆ ಕೂತಾಗ ಅಕ್ಕ ನನ್ನ ಕೈಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು.

"ನನ್ನೊಳಗಿನ ಕಂಡೀನೂ ಕಟ್ಕಂಡೈತಂತೆ ಕಣೇ. ಇದ್ಕೆ ಮಾತ್ರ ಚಿಪ್ಪು ಹಾಕಕ್ಕಾಗಲ್ವಂತೆ."

ಹೇಳಿ ನಕ್ಕಳು. ನಕ್ಕಿದ್ದಕ್ಕೆ ಕೆಮ್ಮು ಬಂತು. ಮುಂದಿನ ಮಳೆಗಾಲ ಮುಗಿಯುವ ಮೊದಲೇ ಹೋಗಿಬಿಟ್ಟಳು. ಗೋಡೆಯ ಆಚೆ ಸದ್ದು ನಿಂತಿತು. ಆ ಕೆಮ್ಮನ್ನು ಶಪಿಸಿದ್ದ ನಾನೇ ಎಷ್ಟೋ ಬೆಳಗ್ಗೆ ಒಲೆಯ ಮುಂದೆ ಕೂತು ಅದಕ್ಕಾಗಿ ಕಿವಿಗೊಟ್ಟಿದ್ದೇನೆ.

ಈಗ ಬೇಲೂರಿನಲ್ಲಿ ನಮ್ಮದೇ ಸಂಘದ ಆಫೀಸು ಇದೆ. ಹಾಸ್ಟೆಲ್ಲು, ಛತ್ರಗಳಿಗೆ ದೊಡ್ಡ ಒಲೆ ಕಟ್ಟುತ್ತೇವೆ, ಮನೆಗಳಿಗೆ ನೀರೊಲೆ ಕಟ್ಟುತ್ತೇವೆ. ಕರೆಂಟು ಕಡಿಮೆ ತಿನ್ನುವ ಬಲ್ಬು, ಫ್ಯಾನು ಹಾಕುತ್ತೇವೆ, ಕೆಟ್ಟರೆ ರಿಪೇರಿ ಮಾಡುತ್ತೇವೆ. ತಿಂಗಳ ಸಂಬಳ, ರಜೆ, ಕಾಯಿಲೆ ಬಿದ್ದರೆ ವಿಮೆ, ಎಲ್ಲ ಇದೆ. ಕೆಲಸಕ್ಕೆ ಹೋದ ನಮ್ಮ ಹುಡುಗಿಯರಿಗೆ ಯಾರೂ ಮೆಟ್ಟಿಲ ಮೇಲೆ ಕಾಫಿ ಇಡುವುದಿಲ್ಲ. ಇದೆಲ್ಲ ಅವಳು ನೋಡಬೇಕಿತ್ತು. ನನ್ನ ಜಾಗದಲ್ಲಿ ಅವಳು ಕೂತು, ನಾನು ಅವಳ ಚೀಲ ಹೊರಬೇಕಿತ್ತು.

ಅರಸೀಕೆರೆಯ ತರಬೇತಿ ಮುಗಿಸಿ ಹಳೇಬೀಡು ದಾಟಿ ಊರಿಗೆ ಬಂದವಳು, ನಮ್ಮ ಮನೆಗೆ ಹೋಗದೆ ಚಿಪ್ಪು ಹಿಡಿದುಕೊಂಡು ಸೀದಾ ಅವಳ ಮನೆಗೆ ಹೋದೆ. ಅಕ್ಕನ ಸೊಸೆ ಅಡುಗೆಗೆ ಗ್ಯಾಸ್ ಇಟ್ಟುಕೊಂಡಿದ್ದಾಳೆ. ನಾನು ಕಟ್ಟಿದ ಆ ಒಲೆ ಈಗ ಸ್ನಾನದ ನೀರಿಗೆ, ಮುದ್ದೆಗೆ. ಅಜ್ಜಿಗೆ ಕಣ್ಣು ಪೂರಾ ಮಂಜು. ಆದರೂ ಒಲೆಯ ಪಕ್ಕವೇ ಕೂತಿದ್ದರು. ನಾನು ಚಿಪ್ಪನ್ನು ಒಳಗೆ ಇಳಿಸಿದೆ. ಎಲ್ಲೂ ತಾಗದೆ ಆಚೆ ಬಂತು.

"ದಿನಾ ಕೈ ಹಾಕ್ ನೋಡ್ತೀನಿ ಕಣವ್ವ," ಎಂದರು ಅಜ್ಜಿ. "ಅವ್ಳು ಬಂದಾಗ ಕಟ್ಕಂಡಿದ್ರೆ ನನ್ನ ಸುಮ್ನೆ ಬಿಟ್ಟಾಳಾ?"

ಸೊಸೆ ಸಂಜೆಯ ನೀರಿಗೆ ಬೆಂಕಿ ಹಾಕಿದಳು. ಕಾಲು ತಾನಾಗಿ ಅಂಗಳಕ್ಕೆ ಬಂತು, ಕೈ ತಾನಾಗಿ ಹಣೆಗೆ ಹೋಯಿತು. ಕೊಳವೆಯ ಬಾಯಲ್ಲಿ ಹೊಗೆ ಕಪ್ಪಾಯಿತು, ಬೂದಿ ಬಣ್ಣವಾಯಿತು, ತೆಳುವಾಗುತ್ತ ಹೋಯಿತು. ಒಳಗಿನಿಂದ ಅಜ್ಜಿ ಏನೋ ಕೇಳಿದರು, ನಾನು ಉತ್ತರ ಕೊಡಲಿಲ್ಲ. ಹೊಗೆ ಪೂರಾ ಕಾಣದಂತಾದ ಮೇಲೂ ನಾನು ಅಲ್ಲೇ ನಿಂತಿದ್ದೆ, ಕಾಫಿ ಕೇಳುವ ಆ ದನಿಗೆ ಕಾಯುತ್ತ...